ಆಟಿ ಕಷಾಯ ತರುತ್ತಿದ್ದ ಭಾವ

ಇದನ್ನು ಬರೆಯಲೆಂದು ಹಲವು ಸಲ ಕೂತಿದ್ದೇನೆ. ಪ್ರತಿ ಸಲವೂ ಯಾರದೋ ಅಂಗಿಗೆ ಗುಂಡಿ ಹಾಕುವ ನೆಪ ಮಾಡಿಕೊಂಡು ಎದ್ದುಬಿಟ್ಟಿದ್ದೇನೆ. ಇನ್ನೂ ಮುಂದೂಡಿದರೆ ಇದು ನನ್ನ ಜೊತೆಗೇ ಹೋಗುತ್ತದೆ.

ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ದಿನ ಭಾವನ ಬಲಗೈಯ ಉಗುರುಗಳು ಕಪ್ಪುಹಸಿರಾಗಿರುತ್ತಿದ್ದವು. ಅಂದು ಹಾಲೆಮರದ ತೊಗಟೆಯ ಕಹಿ ಕಷಾಯ ಕುಡಿಯುವುದು ನಮ್ಮ ಕಡೆಯ ಕ್ರಮ. ತೊಗಟೆಗೆ ಕಬ್ಬಿಣ ತಾಗಬಾರದು, ಕಲ್ಲಿನಿಂದ ಜಜ್ಜಿ ಕೀಳಬೇಕು. ಉಗುರಿನ ಸಂದಿಗೆ ಇಳಿದ ಆ ರಸ ಸೋಪಿಗೆ ಬಗ್ಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಭಾವ ಆ ಬೆರಳನ್ನು ಮಕ್ಕಳ ಬಾಯಿಯ ಹತ್ತಿರ ಹಿಡಿದು, "ನೆಕ್ಕು ಮಾರಾಯ, ಪಾಯಸ ಇದು!" ಎಂದು ಅಟ್ಟಿಸಿಕೊಂಡು ಹೋಗುತ್ತಿದ್ದರು.

ಅವರು ನನ್ನ ಹೆಂಡತಿಯ ಅಣ್ಣ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳಿಗೆ ಜನ ಕರೆಯುವ ಏಜೆಂಟರಾಗಿದ್ದರು. "ಬೆಳ್ತಂಗಡಿಗೆ ಹೋಗುವವ ಮನೆಯಲ್ಲಿ ಮಲಗಿದ್ದರೂ ಎದ್ದು ಬರಬೇಕು ಭಾವ, ಹಾಗೆ ಕೂಗ್ತೇನೆ ನಾನು" ಎಂಬ ಜಂಬ ಬೇರೆ. ಆದರೆ ತೊಗಟೆಯ ವಿಷಯಕ್ಕೆ ಬಂದರೆ ಜಂಬವೆಲ್ಲ ಬದಿಗೆ. ಕಾಸರಕ ಎಂಬ ವಿಷದ ಮರವನ್ನೇ ಹಾಲೆ ಎಂದುಕೊಂಡು ಬೆಳಕು ಹರಿಯುವ ಮೊದಲಿನ ಕತ್ತಲಲ್ಲಿ ತೊಗಟೆ ಕಿತ್ತು ತಂದು ಆಸ್ಪತ್ರೆ ಸೇರಿದವರ ಸುದ್ದಿ ನಮ್ಮಲ್ಲಿ ಹೊಸದಲ್ಲ. ಅದಕ್ಕೇ ಅವರು ಹಿಂದಿನ ದಿನ ಹಗಲಲ್ಲೇ ಹೋಗಿ ಎಲೆ ನೋಡಿ, ಮರಕ್ಕೆ ಬಿಳಿ ದಾರ ಕಟ್ಟಿ ಬರುತ್ತಿದ್ದರು. ಮರುದಿನ ನಸುಕಿನಲ್ಲಿ ಅದೇ ಮರದ ತೊಗಟೆ ಕಿತ್ತು, ಮೊದಲ ಬಸ್ಸಿನಲ್ಲಿ ಮೆಲ್ಕಾರಿನ ನಮ್ಮ ಮನೆಗೆ ತರುತ್ತಿದ್ದರು. ಅರೆಯುವುದು, ಬಿಸಿ ಕಲ್ಲು ಅದ್ದಿ ಒಗ್ಗರಣೆ ಹಾಕುವುದು, ಚಿಕ್ಕ ಲೋಟದಲ್ಲಿ ಅಳೆದು ಕೊಡುವುದು ಎಲ್ಲ ಅವರದೇ.

ಆ ವರ್ಷ ಮಳೆ ಹಿಡಿದ ಮೇಲೆ ನನ್ನ ಹೆಂಡತಿಗೆ ಕಾಲು ಬಾತು, ಏದುಸಿರು ಸುರುವಾಯಿತು. ಡಾಕ್ಟರು ಹೃದಯಕ್ಕೆಂದು ಒಂದು ಸಣ್ಣ ಮಾತ್ರೆ ಬರೆದರು. ದಿನಕ್ಕೆ ಒಂದೇ, ಶನಿವಾರ, ಆದಿತ್ಯವಾರ ಅದೂ ಇಲ್ಲ. ನಾಲ್ಕು ದಿನದಲ್ಲೇ ಕಾಲಿನ ಬಾವು ಇಳಿಯಿತು. ನನಗೆ ಆಸೆ ಹುಟ್ಟಿತು. ಹೃದಯಕ್ಕೆ ಆದಿತ್ಯವಾರ ರಜೆ ಉಂಟಾ? ನಾನು ಟೈಲರ್. ಬಟ್ಟೆ ಒಂದಿಂಚು ಹೆಚ್ಚಿದ್ದರೆ ಕೆಟ್ಟದ್ದೇನೂ ಆಗದು ಎಂದೇ ಕೆಲಸ ಕಲಿತವನು. ರಜೆಯ ದಿನವೂ ಕೊಟ್ಟೆ. ಆಮೇಲೆ ಸಂಜೆಗೂ ಒಂದು. ನಾನು ಅಂಗೈಗೆ ಹಾಕಿದ್ದನ್ನು ಅವಳು ಕೇಳದೆ ನುಂಗುತ್ತಿದ್ದಳು.

ಅಮಾವಾಸ್ಯೆಗೆ ಎರಡು ದಿನ ಮೊದಲೇ ಅವಳಿಗೆ ಅನ್ನ ಸೇರುತ್ತಿರಲಿಲ್ಲ. "ಗೋಡೆಗೆಲ್ಲ ಅರಸಿನ ಬಳಿದ ಹಾಗೆ ಕಾಣ್ತದೆ" ಎಂದಳು. ಅದನ್ನು ಕೇಳಿಯೂ ನಾನು ಮಾತ್ರೆ ನಿಲ್ಲಿಸಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಎಲ್ಲರಂತೆ ಅವಳೂ ಕಷಾಯ ಕುಡಿದಳು. ಮಧ್ಯಾಹ್ನಕ್ಕೆ ವಾಂತಿ ನಿಲ್ಲದೆ, ನಾಡಿ ತಗ್ಗಿ, ಆಸ್ಪತ್ರೆಗೆ ಒಯ್ದೆವು.

ಅಲ್ಲಿಯ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು ಮಾತ್ರೆಯ ಲೆಕ್ಕ ಕೇಳಿದರು. ಅವಳ ಜೀವದ ಪ್ರಶ್ನೆ, ನಿಜ ಹೇಳಿದೆ. ಅವರು ಬೈಯಲಿಲ್ಲ, ನನ್ನ ಕಸುಬು ಕೇಳಿಕೊಂಡು ಹೀಗೆಂದರು.

"ಅಂಗಿಯೊಳಗೆ ಮಾರ್ಜಿನ್ ಬಿಡ್ತೀರಲ್ಲ, ಮದ್ದಿಗೂ ಹಾಗೇ ಉಂಟು. ಎಷ್ಟು ತಿಂದರೆ ಗುಣ, ಎಷ್ಟು ತಿಂದರೆ ವಿಷ, ಎರಡನ್ನೂ ಹೋಲಿಸಿಯೇ ಒಂದು ಮದ್ದು ಎಷ್ಟು ಸುರಕ್ಷಿತ ಅಂತ ಹೇಳುವುದು. ಕೆಲವಕ್ಕೆ ಆ ಎರಡರ ನಡುವೆ ಇಲ್ಲಿಂದ ಬೆಂಗಳೂರಿನಷ್ಟು ದೂರ. ಇದಕ್ಕೆ ಮೆಲ್ಕಾರಿನಿಂದ ಪಕ್ಕದ ಪಾಣೆಮಂಗಳೂರಿನಷ್ಟೇ. ಒಳಗೆ ಸೇರಿದ್ದು ಇಳಿಯಲಿ ಅಂತಲೇ ಎರಡು ದಿನ ಬಿಡುವು ಕೊಟ್ಟದ್ದು. ನೀವು ಗಡಿ ದಾಟಿಸಿಬಿಟ್ಟಿರಿ. ಕಷಾಯದ್ದಲ್ಲ ಇದು."

ಹೊರಗೆ ಬಂದೆ. ಮೆಟ್ಟಿಲ ಬಳಿ ಭಾವ ನಿಂತಿದ್ದರು. ತಮ್ಮ ಬೆರಳುಗಳನ್ನು ಮೂಗಿಗೆ ಹಿಡಿದು ಮತ್ತೆ ಮತ್ತೆ ಮೂಸಿ ನೋಡುತ್ತಿದ್ದರು.

"ಎಂತ ಹೇಳಿದ್ರು ಭಾವ? ಕಾಸರಕವಾ?"

ಹೆಂಡತಿಯನ್ನು ಕಣ್ಣಿನಂತೆ ನೋಡಿಕೊಳ್ಳುತ್ತಾನೆ ಎಂದು ನೆಂಟರೆಲ್ಲ ನನ್ನನ್ನು ಹೊಗಳುತ್ತಿದ್ದ ಕಾಲ. ನಾಲಿಗೆ ತಾನಾಗಿಯೇ ಹೊರಳಿತು. "ಕಷಾಯದ್ದೇ ಇರಬೇಕು ಅಂತಾರೆ."

ಅವರು ಬೆರಳುಗಳನ್ನು ಮೂಗಿನಿಂದ ಇಳಿಸಿದರು. "ದಾರ ಕಟ್ಟಿದ ಮರವೇ ಭಾವ. ಮುಟ್ಟಿ ನೋಡಿಯೇ ಕಿತ್ತದ್ದು." ಮತ್ತೆ ಉಗುರು ನೋಡಿಕೊಂಡು, "ಇಲ್ಲ, ನಾನೇ ತಪ್ಪಿರಬೇಕು" ಎಂದರು.

ಅದೇ ಕಷಾಯ ಕುಡಿದ ನಮಗ್ಯಾರಿಗೂ ಏನೂ ಆಗಿರಲಿಲ್ಲ. ಅವಳ ಹೃದಯ ವೀಕು, ಅವಳಿಗೆ ತಾಗಿತು ಎಂದು ಎಲ್ಲರೂ ಒಂದು ಕಾರಣ ಹುಡುಕಿಕೊಂಡರು. ಅವಳು ಗುಣವಾಗಿ ಮನೆಗೆ ಬಂದಳು. ಮಾತ್ರೆಯನ್ನು ನಾನು ಸದ್ದಿಲ್ಲದೆ ಒಂದಕ್ಕೆ ಇಳಿಸಿದೆ.

ಭಾವ ಮತ್ತೆ ತೊಗಟೆ ತರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು, "ಕಾಸರಕಣ್ಣ, ಒಂದು ಲೋಟ ಉಂಟಾ?" ಎಂದು ಕಾಲೆಳೆಯುತ್ತಿದ್ದರಂತೆ. ಹಿಂದಾದರೆ ಅಂಥವರ ಏಳು ತಲೆಮಾರಿಗೂ ತಾಗುವ ಹಾಗೆ ಉತ್ತರ ಕೊಡುತ್ತಿದ್ದವರು, ಸುಮ್ಮನೆ ನಕ್ಕು ಬೇರೆ ಬಸ್ಸಿನ ಕಡೆ ನಡೆದುಬಿಡುತ್ತಿದ್ದರು. ಪ್ರತಿ ಆಟಿಯಲ್ಲೂ ನನ್ನ ಹೆಂಡತಿ ಫೋನ್ ಮಾಡಿ, "ತಾ ಅಣ್ಣ, ನಾನೇ ಮೊದಲು ಕುಡೀತೇನೆ" ಎನ್ನುತ್ತಿದ್ದಳು. "ಬೇಡ ಮಾರಾಯ್ತಿ, ನನ್ನ ಕೈಯ ಮೇಲೆ ನನಗೇ ನಂಬಿಕೆ ಇಲ್ಲ" ಎಂದು ಅವರು ಫೋನ್ ಇಡುತ್ತಿದ್ದರು. ಪಕ್ಕದಲ್ಲೇ ನಾನು ಕತ್ತರಿ ಹಿಡಿದು ಬಟ್ಟೆ ನೋಡುತ್ತ ಕೂತಿರುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದಾಗ ಇಬ್ಬರೂ ನೋಡಲು ಹೋದೆವು. ಹೇಳಿಬಿಡಬೇಕು ಎಂದೇ ಬಸ್ಸು ಹತ್ತಿದ್ದೆ. ಹೆಂಡತಿ ನೀರು ತರಲು ಒಳಗೆ ಹೋದಾಗ ಅವರು ನನ್ನ ಕೈ ಹಿಡಿದುಕೊಂಡರು. ಆ ದೊಡ್ಡ ಗಂಟಲು ಪಿಸುಮಾತಿಗೆ ಇಳಿದಿತ್ತು.

"ಅಷ್ಟೆಲ್ಲ ಆದರೂ ನೀವು ಒಂದು ದಿನವೂ ನನ್ನನ್ನು ಬೈಯಲಿಲ್ಲ ಭಾವ. ಬೇರೆಯವರಾಗಿದ್ದರೆ ಮನೆಗೆ ಸೇರಿಸ್ತಿರಲಿಲ್ಲ."

ಅವಳು ತಂದ ನೀರನ್ನು ಅವರಿಗೆ ಕುಡಿಸಿ, ಹೇಳಬೇಕೆಂದಿದ್ದನ್ನು ಹೇಳದೆಯೇ ವಾಪಸು ಬಸ್ಸು ಹತ್ತಿದೆ. ಮುಂದಿನ ವಾರವೇ ಅವರು ಹೋದರು.

ಹೆಂಡತಿ ಒಳಗೆ ಇದ್ದಾಳೆ. ಇವತ್ತೇ ಇದನ್ನು ಅವಳಿಗೆ ಓದಿ ಹೇಳುತ್ತೇನೆ. ಅವಳು ಬೈದರೂ, ಮಾತು ಬಿಟ್ಟರೂ ಕ್ಷಮೆ ಕೇಳಲು ಅವಳಾದರೂ ಎದುರಿಗಿದ್ದಾಳೆ. ಕೇಳದೇ ಉಳಿದದ್ದು ಮೆಟ್ಟಿಲ ಬಳಿ ನಿಂತು ತಮ್ಮ ಬೆರಳುಗಳನ್ನೇ ಮೂಸಿ ನೋಡುತ್ತಿದ್ದವರಲ್ಲಿ. ಅವಳ ಅಣ್ಣನಲ್ಲಿ, ನನ್ನ ಭಾವನಲ್ಲಿ.