ಎಡಚಿಯ ಬೋಲ್ಟು

ಹೆಡ್ವಿಗ್ ಸ್ಲುಸಾರ್ಚಿಕ್ ಅಪ್ಪಟ ಎಡಚಿ. ಅಮೆರಿಕದ ಮೊಹಾಕ್ ಕಣಿವೆಯ ನಮ್ಮ ಬಂದೂಕಿನ ಕಾರ್ಖಾನೆಯಲ್ಲಿ ಮದುವೆಗೆ ಮುಂಚಿನಿಂದಲೂ ಬೋಲ್ಟ್ ಕೂರಿಸುತ್ತಿದ್ದವಳು. ಪಕ್ಕದ ಬೆಂಚಿನಲ್ಲಿ ನಳಿಗೆ ಜೋಡಿಸುವವನು ನಾನು, ಆರಿನ್. ಅವಳನ್ನು ರೇಗಿಸುವ ಕೆಲಸವೂ ನನ್ನದೇ.

ನಮ್ಮದು ಹೆಸರುವಾಸಿ ಹಳೇ ಬೇಟೆ ಬಂದೂಕು. ಗುಂಡು ಹಾರಿದ ಮೇಲೆ ಬಲಬದಿಯ ಬೋಲ್ಟನ್ನು, ಅಂದರೆ ಹಿಡಿಯಿರುವ ಅಗುಳಿಯನ್ನು, ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ದೂಡಿದರೆ ಹೊಸ ತೋಟಾ ಒಳಗೆ. ನಮಗೆ ಅದು ಕಣ್ಣುಮುಚ್ಚಿ ಮಾಡುವ ಕೆಲಸ. ಹೆಡ್ವಿಗ್ ಮಾತ್ರ ಎಡಗೈಯನ್ನು ಬಂದೂಕಿನ ಮೇಲಿಂದ ಆಚೆಗೆ ದಾಟಿಸಿ ಎಳೆಯಬೇಕು. ಅಷ್ಟರಲ್ಲಿ ಜಿಂಕೆ ಪರಾರಿ. ನವೆಂಬರಿನಲ್ಲಿ ಬೇಟೆ ಶುರುವಾಗುವ ದಿನ ಕಾರ್ಖಾನೆಗೆ ರಜೆ. ಮರುದಿನ ಬೆಳಗ್ಗೆ ನಾನು ಬಿಡುತ್ತಿರಲಿಲ್ಲ.

"ಏನೇ ಹೆಡಿ, ಈ ಸಲಾನೂ ಜಿಂಕೆ ಟಾಟಾ ಮಾಡ್ತಾ?"

"ನಿನ್ ಬಲಗೈ ಸೇದೋಗ," ಅನ್ನುತ್ತಿದ್ದಳು.

ಒಂದು ವಸಂತದಲ್ಲಿ ಹಳೇ ಬಂದೂಕಿಗೆ ಹೊಸ ರೂಪ ಬಂತು. ನಕ್ಷೆಯನ್ನೇ ತಿರುವಿ ಹಾಕಿ, ಬೋಲ್ಟನ್ನು ಎಡಬದಿಗೆ ತಂದ ಒಂದು ಮಾದರಿ ತಯಾರಾಯಿತು. ಹೆಡ್ವಿಗ್‌ಗೆ ಕಾಲು ನೆಲದ ಮೇಲೆ ನಿಲ್ಲದು. ಮೇಲ್ವಿಚಾರಕ ವರ್ನ್ ಟಟ್ಲ್ ಅವಳ ಜೊತೆ ಶಾಲೆಗೆ ಹೋದವನು.

"ಹೆಡಿ ಹೊಡೆದು ತೋರಿಸ್ಲಿ," ಅಂದ. "ಎಡಚರಿಗೆ ಬೇಗ ಆಗುತ್ತೆ ಅಂದ್ರೆ ಮಾಡೋಣ. ಇಲ್ದಿದ್ರೆ ಇಲ್ಲಿಗೇ ಕೈಬಿಡೋಣ."

ಕಾರ್ಖಾನೆಯ ಹಿಂದಿನ ಬಯಲಲ್ಲಿ ಎಲ್ಲರೂ ಸೇರಿದೆವು. ಅವಳು ಹೊಡೆದಳು. ಮರುಕ್ಷಣ ಎಡಗೈ ಬಂದೂಕಿನ ಮೇಲಿಂದ ಬಲಕ್ಕೆ ಹಾರಿ, ಬರೀ ಕಬ್ಬಿಣವನ್ನು ತಡವಿತು. ಬೋಲ್ಟ್ ಅಲ್ಲಿದ್ದರೆ ತಾನೆ! ಎರಡನೇ ಸಲವೂ ಅದೇ ಕಥೆ. ನನಗೆ ನಗು ತಡೆಯಲಿಲ್ಲ, ಆಮೇಲೆ ನನ್ನ ಬಾಯಿಗೆ ನಾನೇ ಬಡಿದುಕೊಳ್ಳಬೇಕು ಅನ್ನಿಸಿತು.

"ನಿಂಗೇ ಆಗ್ಲಿಲ್ಲ ಅಂದ್ರೆ ಇದು ಯಾರಿಗೆ ಹೆಡಿ?" ಅಂದ ವರ್ನ್. "ಹಳೇದೇ ಬೇಗ ಆಗ್ತಿತ್ತಲ್ಲ."

ಅವಳ ಮುಖ ಕೆಂಪಗಾಯಿತು. "ಬಾ ಇಲ್ಲಿ. ಇದನ್ನ ನಿನ್ ಬಲಭುಜಕ್ಕೆ ಇಟ್ಕೊಂಡು ಮೂರು ಗುಂಡು ಹೊಡಿ ನೋಡೋಣ."

ವರ್ನ್ ಹೊಡೆದ. ಅವನ ಬಲಗೈ ಪಕ್ಕದಲ್ಲಿ ತಡಕಾಡಿತು, ಆಮೇಲೆ ಮೇಲಿಂದ ದಾಟಿ ಎಡಕ್ಕೆ ಹೋಯಿತು. ಖಾಲಿ ತೋಟಾ ಮೂಗಿನ ಮುಂದೆಯೇ ಹಾರಿತು. ಬಂದೂಕು ಭುಜದಿಂದ ಜಾರಿತು. ಮೂರನೆಯದಕ್ಕೆ ಬೆವತುಹೋದ.

"ಥತ್, ಏನೇ ಇದು ಕರ್ಮ?"

"ನಂಗೆ ದಿನಾ ಇದೇ ಕಣೋ. ನೀನು ಮೂರು ಗುಂಡಿಗೇ ಸುಸ್ತಾದೆ. ಈ ಕೈ ಹಳೇದನ್ನ ಮರೆಯೋಕೆ ಊಟದ ಹೊತ್ತಾದ್ರೂ ಕೊಡ್ಬೇಡ್ವಾ?"

ವರ್ನ್ ಮೂಗು ಉಜ್ಜಿಕೊಂಡು ತಲೆಯಾಡಿಸಿದ.

ಅವಳು ಊಟದ ಡಬ್ಬಿ ಮುಟ್ಟಲಿಲ್ಲ. ಪೆಟ್ಟಿಗೆಯ ಮೇಲೆ ಕೂತು ತೋಟಾ ಇಲ್ಲದೆಯೇ ಬೋಲ್ಟ್ ಎಳೆದಳು, ದೂಡಿದಳು. ಕೈ ಮೇಲಕ್ಕೆ ಹಾರಿದಾಗಲೆಲ್ಲ ನಾನು ಟೋಪಿಯಿಂದ ಹೊಡೆಯುತ್ತಿದ್ದೆ. "ಕೆಳಗೆ ಕಣೇ, ಕೆಳಗೆ."

ಊಟದ ಬಿಡುವು ಮುಗಿದ ಸೈರನ್ ಕೂಗಿದರೂ ಒಬ್ಬರೂ ಬೆಂಚಿಗೆ ಹೋಗಲಿಲ್ಲ. ಅವಳು ಗುರಿಯಿಟ್ಟಳು. ಗುಂಡು ಹಾರಿತು, ಬೋಲ್ಟ್ ಹಿಂದೆ, ಮುಂದೆ, ಮತ್ತೆ ಗುಂಡು. ಕೆನ್ನೆ ಬಂದೂಕಿನ ಮರದ ಹಿಡಿಯಿಂದ ಮೇಲೇಳಲಿಲ್ಲ. ತೋಟಾ ಮುಗಿಯುವವರೆಗೂ ಕೈ ಎಲ್ಲೂ ದಾರಿ ತಪ್ಪಲಿಲ್ಲ. ನಾನು ಟೋಪಿ ಬೀಸಿ ಕೂಗಿದೆ. ಖಾಲಿಯಾದ ಮೇಲೂ ಅವಳು ನಗುತ್ತಾ, ಕಣ್ಣೀರು ಸುರಿಸುತ್ತಾ ಬೋಲ್ಟ್ ಎಳೆಯುತ್ತಲೇ ಇದ್ದಳು.

"ಸರಿ, ಮಾಡೋಣ," ಅಂದ ವರ್ನ್. "ಕೊಡು, ಮಾದರೀನ ಒಳಗೆ ಇಡ್ಬೇಕು." ಕೈ ಚಾಚಿದ.

ಹೆಡ್ವಿಗ್ ಕೊಡಲಿಲ್ಲ.