ಒಂದು ಸುತ್ತು ಬರಲಿ ಎಂದ ದಸ್ತಗೀರ ಚಾಚಾ

ದಸ್ತಗೀರ ಚಾಚಾ ಕೆಲಸ ಮಾಡುವುದನ್ನು ಮೊದಲ ಸಲ ಕಂಡವರು ಇವರೆಂಥ ಮೈಗಳ್ಳರಪ್ಪಾ ಎಂದುಕೊಳ್ಳುತ್ತಿದ್ದರು. ನಾನೂ ಹಾಗೇ ಎಂದುಕೊಂಡಿದ್ದೆ. ಚಿಕ್ಕೋಡಿ ಕಡೆಯ ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆಯನ್ನು ಬಾಯ್ಲರಿಗೆ ಒಯ್ಯುವ ಉದ್ದನೆಯ ರಬ್ಬರ್ ಬೆಲ್ಟಿದೆ. ಅದು ಒಂದು ಬದಿಗೆ ಸರಿದು ಅಂಚು ಹರಿಯತೊಡಗಿದರೆ ನಮ್ಮ ಜೀವ ಬಾಯಿಗೆ ಬರುತ್ತಿತ್ತು. ಚಾಚಾ ಮಾತ್ರ ಬೋಲ್ಟು ತಿರುಗಿಸುವ ಪಾನಾ ಹಾಕಿ ಬೆಲ್ಟಿನಡಿಯ ಒಂದು ರೋಲರನ್ನು ಕೂದಲೆಳೆಯಷ್ಟು ಸರಿಸಿ, ಎರಡೂ ಕೈ ಕಂಕುಳಲ್ಲಿಟ್ಟುಕೊಂಡು ಸುಮ್ಮನೆ ಕೂತುಬಿಡುತ್ತಿದ್ದರು.

"ಇನ್ನೊಂದೀಟು ಸರಸ್ರಿ ಚಾಚಾ!" ಎಂದು ನಾನು ಕಿರುಚುತ್ತಿದ್ದೆ.

"ತಡೀಲೇ ಬಸ್ಯಾ. ಸರಸೋದು ನಮ್ಮ ಕೆಲಸ, ಬರೋದು ಅದರ ಕೆಲಸ. ಒಂದ ಸುತ್ತ ಬರ್ಲಿ. ನಡುವ ಕೈ ಹಾಕಿದ್ರ ಆ ಕಡಿ ಓಡತೈತಿ."

ಬೆಲ್ಟು ಸುತ್ತು ಹಾಕಿ ಮೆಲ್ಲಗೆ ನಡುವಿಗೆ ಬರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಬ್ಬು ಅರೆಯುವ ಹಂಗಾಮು ಮುಗಿದರೆ ಎಲ್ಲರೂ ತಮ್ಮ ತಮ್ಮ ಊರು ಸೇರುತ್ತಿದ್ದರು. ಹೆಂಡತಿ ಸತ್ತು, ಮಕ್ಕಳಿಲ್ಲದ ಚಾಚಾ ಕಾರ್ಖಾನೆಯ ಖೋಲಿಯಲ್ಲೇ ಉಳಿಯುತ್ತಿದ್ದರು. ನಿಂತ ಬೆಲ್ಟಿನ ಪಕ್ಕದಲ್ಲಿ ಒಬ್ಬರೇ ಕೂತು ಚಹಾ ಕುಡಿಯುತ್ತಿದ್ದರು.

ತಮ್ಮವರು ಎನ್ನಲು ಕುಡಚಿಯಲ್ಲಿ ತಂಗಿ ಜೈನಾಬಿ ಇದ್ದಳು, ಇವರೇ ಎತ್ತಿ ಆಡಿಸಿದವಳು. ಆಕೆಯ ಮಗಳ ನಿಕಾಹದ ಹೊತ್ತಿಗೆ ಇಲ್ಲಿ ಹೊಸ ಬೆಲ್ಟು ಹಾಕಿದ್ದರು. ಅದು ನೆಟ್ಟಗೆ ಓಡುವ ತನಕ ಬಿಟ್ಟು ಬರಲೊಲ್ಲೆ ಎಂದು ಚಾಚಾ ಹೋಗಲೇ ಇಲ್ಲ. ತಂಗಿ ಮಾತು ಬಿಟ್ಟಳು.

ಮುಂದಿನ ಈದಿಗೆ ನಿಪ್ಪಾಣಿಯಲ್ಲಿ ನಾನೇ ಜೊತೆಗಿದ್ದು ಒಂದು ಹಸಿರು ಸೀರೆ ಆರಿಸಿಕೊಟ್ಟೆ. ಚಾಚಾ ಅದನ್ನು ಹಿಡಿದು ಕುಡಚಿಗೆ ಹೋದರು. ಜೈನಾಬಿ ಹೊರಗೆ ಬರಲಿಲ್ಲವಂತೆ. ಹೊಸ್ತಿಲ ಮೇಲೆ ಸೀರೆ ಇಟ್ಟು ಮರಳಿದರು.

"ಮತ್ತೊಮ್ಮೆ ಹೋಗ್ರಿ," ಎಂದು ಆಮೇಲೆ ಪ್ರತಿ ಈದಿಗೂ ಹೇಳುತ್ತಿದ್ದೆ.

"ಸೀರಿ ಕೊಟ್ಟು ನಾ ಸರಸೇನಲ್ಲೋ. ಇನ್ನ ಅಕಿ ಬರ್ಲಿ. ಒಂದ ಸುತ್ತ."

"ಅಕಿ ನಿಮ್ಮ ತಂಗಿರಿ, ಬೆಲ್ಟಲ್ಲ!" ನನಗೆ ಸಿಟ್ಟು ನೆತ್ತಿಗೇರಿತ್ತು. ಚಾಚಾ ನಕ್ಕರು. ಕೈಗಳು ಕಂಕುಳು ಸೇರಿದವು.

ಹೋದ ಬೇಸಿಗೆ, ಕಾರ್ಖಾನೆ ನಿಂತಿದ್ದಾಗ, ಚಾಚಾ ಖೋಲಿಯಲ್ಲೇ ತೀರಿಕೊಂಡರು. ಕುಡಚಿಗೆ ಸುದ್ದಿ ಮುಟ್ಟಿಸಿದವನು ನಾನೇ. ಜೈನಾಬಿ ಉಟ್ಟ ಸೀರೆಯಲ್ಲೇ ಓಡಿ ಬಂದಳು. ಉಟ್ಟು ಉಟ್ಟು ಬಣ್ಣ ಮಾಸಿದ ಅದೇ ಹಸಿರು ಸೀರೆ.

"ಅವತ್ತ ಸಿಟ್ಟಿನ್ಯಾಗ ಹೊರಗ ಬರ್ಲಿಲ್ರಿ," ಎಂದಳು. "ಭಾಯಿ ಇನ್ನೊಮ್ಮೆ ಬಂದ್ರ ಕೈ ಹಿಡದ ಊಟಕ್ಕ ಕೂಡಸ್ತೇನಿ ಅಂತ ಪ್ರತಿ ಈದಿಗೂ ಹಾದಿ ಕಾದೇನ್ರಿ. ಒಮ್ಮೆ ಬಂದವ ಮತ್ತ ಯಾಕ ಬರ್ಲಿಲ್ರಿ?"

ಆ ಬೆಲ್ಟನ್ನೇ ಕಾಣದವಳಿಗೆ ಏನೆಂದು ಹೇಳುವುದು?