ಲೋಡರ್ ಟೇಪಿನ ಕೆಂಚಮ್ಮ

ಕೆಂಚಮ್ಮ ಕಾಗದದ ಟೇಪನ್ನು ಓದುತ್ತಿದ್ದುದು ಬೆರಳಿನಿಂದ. ಒಂದು ಅಂಗುಲ ಅಗಲದ, ಎಣ್ಣೆ ಹಿಡಿದ ಆ ಪಟ್ಟಿಯ ತುಂಬ ಸಾಲು ಸಾಲು ತೂತುಗಳು. ಗೋಡೆಗೊರಗಿ ಕೂತು, ಕಣ್ಣು ಮುಚ್ಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಅದನ್ನು ನಿಧಾನವಾಗಿ ಎಳೆದುಕೊಳ್ಳುತ್ತಾ ಹೋಗುವರು. ಪಾಪ, ನಿದ್ದೆ ಹತ್ತಿತೇನೋ ಎಂದು ನಾವು ಅಂದುಕೊಳ್ಳುವಷ್ಟರಲ್ಲಿ ಬೆರಳು ನಿಲ್ಲುತ್ತಿತ್ತು. "ಇಲ್ಲೊಂದು ತೂತು ಕಮ್ಮಿ ಐತೆ," ಎನ್ನುವರು, ಕಣ್ಣು ತೆರೆಯದೆಯೇ.

ಅದು ಎಪ್ಪತ್ತರ ದಶಕದ ಕೊನೆ. ಚಿತ್ರದುರ್ಗದ ಹೊರಗಿನ ಒಂದು ಗಣಿಯಲ್ಲಿ ನಾನು ಸರ್ವೇಯರ್ ಆಗಿದ್ದೆ. ಗಣಿ ಕಚೇರಿಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಎರಡು ಬೀರುಗಳಷ್ಟು ದೊಡ್ಡದು. ಸುರಂಗದೊಳಗೆ ನಾವು ಅಳೆದು ತಂದ ಕೋನ, ದೂರಗಳನ್ನು ಅದಕ್ಕೆ ಕೊಟ್ಟರೆ, ಸುರಂಗ ಎಲ್ಲಿಗೆ ಬಂದಿದೆ, ಮುಂದೆ ಯಾವ ಕಡೆ ತಿರುಗಬೇಕು ಎಂದು ಅಚ್ಚು ಹಾಕಿ ಕೊಡುತ್ತಿತ್ತು. ಲಾಗ್ ಟೇಬಲ್ ಹಿಡಿದು ಎರಡು ದಿನ ಮಾಡುತ್ತಿದ್ದ ಲೆಕ್ಕ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು.

ಆದರೆ ಕರೆಂಟು ಹೋಗಿ ಬಂದರೆ ಸಾಕು, ಯಂತ್ರದ ನೆನಪು ಕೆಟ್ಟಿರುತ್ತಿತ್ತು. ಮತ್ತೆ ಮೊದಲಿಂದ ಎಲ್ಲವನ್ನೂ ಒಳಗೆ ಏರಿಸಬೇಕು. ಮೊದಲು ಮುಂಭಾಗದ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿ ನಾಲ್ಕಾರು ಆಜ್ಞೆ ಕೊಡಬೇಕು. ಆಮೇಲೆ ಲೋಡರ್ ಟೇಪು ಓದಿಸಬೇಕು. ಉಳಿದ ಪ್ರೋಗ್ರಾಮುಗಳನ್ನು ಒಳಗೆ ಕರೆತಂದು ಅವುಗಳ ಜಾಗದಲ್ಲಿ ಕೂರಿಸುವುದೇ ಈ ಲೋಡರ್. ಅದನ್ನು ಸರಿಯಾಗಿ ಇಟ್ಟುಕೊಳ್ಳುವುದು ಕೆಂಚಮ್ಮನ ಕೆಲಸ. ಹೊಸ ಪ್ರಿಂಟರ್ ಬಂದರೆ ಟೇಪು ತಿದ್ದಬೇಕು. ಟೇಪು ಸವೆದು ಹರಿದರೆ ಹೊಸದು ಹೊಡೆಯಬೇಕು. ಮುಗಿಯಿತು ಎನ್ನುವುದೇ ಇಲ್ಲದ ಕೆಲಸ.

ಅವರು ಶ್ರೀರಾಂಪುರದ ಕಡೆಯವರು. ಮನೆಯಲ್ಲಿ ಎಲ್ಲರೂ ಕುರಿಯ ಹಿಂದೆ ಹೋದವರೇ. ಇವರೊಬ್ಬರು ಹೊಸದುರ್ಗದಲ್ಲಿ ಓದಿ, ತಂತಿ ಕಚೇರಿಯಲ್ಲಿ ಹತ್ತು ವರ್ಷ ಟೇಪು ಹೊಡೆದು, ಅಲ್ಲಿಂದ ಇಲ್ಲಿಗೆ ಬಂದಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. ನಾನು ಅಕ್ಕ ಎನ್ನುತ್ತಿದ್ದೆ. ಕೋಟೆಯ ಬುಡದ ಓಣಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಒಬ್ಬರೇ ಇದ್ದರು.

ಬೇಸಿಗೆಯಲ್ಲಿ ಒಂದು ದಿನ ನಾಲ್ಕು ಸಲ ಕರೆಂಟು ಹೋಯಿತು. ನಾಲ್ಕು ಸಲವೂ ಅವರು ಮೊದಲಿಂದ ಏರಿಸಿದರು. ಗಣಿಯ ಮ್ಯಾನೇಜರ್ ಸಾಹೇಬರ ಕೋಣೆಯಿಂದ ಹತ್ತು ನಿಮಿಷಕ್ಕೊಮ್ಮೆ ಜವಾನ ಬಂದು "ಆಯ್ತೇನ್ರಿ?" ಎಂದು ಕೇಳಿ ಹೋಗುತ್ತಿದ್ದ. ಮಧ್ಯಾಹ್ನದ ರೊಟ್ಟಿಯನ್ನು ಅವರು ಬಿಚ್ಚಿದಾಗ ಸಂಜೆ ಐದಾಗಿತ್ತು. ಅರ್ಧ ತಿಂದು ಹಾಗೇ ಕಟ್ಟಿಟ್ಟರು.

"ಓಡ್ತಿರೋ ಯಂತ್ರನ ಎಲ್ರೂ ನೋಡಾಕೆ ಬರ್ತಾರೆ ಕಣಪ್ಪ," ಎಂದರು. "ಎಬ್ಬಿಸೋದು ಯಾರಿಗೂ ಬ್ಯಾಡ."

ಮರು ವರ್ಷ ಯಂತ್ರಕ್ಕೆ ಹೆಚ್ಚಿನ ಮೆಮೊರಿ ಜೋಡಿಸಿದರು. ಪ್ರೋಗ್ರಾಮುಗಳು ಕೂರುವ ಜಾಗವೆಲ್ಲ ಬದಲಾಯಿತು. ಲೋಡರನ್ನು ಪೂರ್ತಿ ತಿದ್ದಬೇಕಾಗಿತ್ತು. ಆ ಮಾತು ನಡೆದಾಗ ನಾನು ನಕ್ಷೆಯೊಂದಕ್ಕೆ ಸಹಿ ಹಾಕಿಸಲು ಸಾಹೇಬರ ಮುಂದೆಯೇ ನಿಂತಿದ್ದೆ.

"ಎರಡು ವಾರ ಬೇಕು ಸಾರ್," ಎಂದರು ಕೆಂಚಮ್ಮ.

"ಮೂರು ದಿನದಲ್ಲಿ ಮುಗಿಸಿ," ಎಂದರು ಸಾಹೇಬರು, ಕಾಗದದಿಂದ ತಲೆ ಎತ್ತದೆ.

ಮೂರನೆಯ ದಿನ ಯಂತ್ರ ಎದ್ದು ಕೂತಿತು. ಎರಡು ತಿಂಗಳು ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ, ಎರಡು ಕಡೆಯಿಂದ ಅಗೆದುಕೊಂಡು ಬಂದು ನಡುವೆ ಸೇರಬೇಕಿದ್ದ ಸುರಂಗ ಸೇರಲಿಲ್ಲ. ಪಶ್ಚಿಮಕ್ಕೆ ಅಗೆದುಕೊಂಡು ಬಂದದ್ದು ಇಪ್ಪತ್ತಡಿ ಆಚೆ ಹೋಗಿತ್ತು. ವಾರಗಟ್ಟಲೆ ಬಂಡೆ ಒಡೆದ ಕೂಲಿಯವರ ಬೆವರು ನೀರುಪಾಲು. ಅಳತೆ ನನ್ನದು, ನಕ್ಷೆಯ ಮೇಲಿನ ಸಹಿಯೂ ನನ್ನದು. ಯಂತ್ರ ತಪ್ಪು ಮಾಡುವುದಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲ. ನನ್ನನ್ನು ಸಸ್ಪೆಂಡ್ ಮಾಡಿದರು.

ಹೊಳಲ್ಕೆರೆಯ ಮನೆಗೆ ಬಂದು ಕೂತೆ. ಮೊದಲ ಎರಡು ದಿನ ಸಿಟ್ಟಿತ್ತು. ಆಮೇಲೆ ನನ್ನ ಮೇಲೆ ನನಗೇ ಅನುಮಾನ ಹುಟ್ಟಿತು. ಅಂದು ಕೋನ ನೋಡುವಾಗ ಕಣ್ಣು ಮಂಜಾಗಿತ್ತೇ? ಅಂಕಿ ಬರೆಯುವಾಗ ಕೈ ತಪ್ಪಿತೇ? ವಾರ ಕಳೆಯುವ ಹೊತ್ತಿಗೆ ತಪ್ಪು ನನ್ನದೇ ಎಂದು ಹೆಚ್ಚುಕಡಿಮೆ ಒಪ್ಪಿಕೊಂಡುಬಿಟ್ಟಿದ್ದೆ.

ಹನ್ನೊಂದನೆಯ ದಿನ ಮಧ್ಯಾಹ್ನ ಕೆಂಚಮ್ಮ ಬಸ್ಸಿಳಿದು, ಮನೆ ಕೇಳಿಕೊಂಡು ಬಂದರು. ಮುಖ ಒಣಗಿತ್ತು. ಅವ್ವ ಕೊಟ್ಟ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು ಹೇಳಿದರು.

"ತಪ್ಪು ನಿಂದಲ್ಲ. ನಂದು."

ಕಚೇರಿಯಲ್ಲಿದ್ದ ನನ್ನ ಅಳತೆ ಪುಸ್ತಕ ಇಸಿದುಕೊಂಡು, ದಿನಾ ಊಟದ ಬಿಡುವಿನಲ್ಲಿ ಲಾಗ್ ಟೇಬಲ್ ಹಿಡಿದು ಅವರು ಎಲ್ಲ ಲೆಕ್ಕವನ್ನೂ ಕೈಯಲ್ಲಿ ಮಾಡಿ ನೋಡಿದ್ದರು. ಬೇರೆ ದಿಕ್ಕಿನ ಕೋನಗಳಿಗೆಲ್ಲ ಯಂತ್ರದ ಉತ್ತರ ಸರಿ. ಪಶ್ಚಿಮಕ್ಕೆ ತಿರುಗಿದವುಗಳಿಗೆ ಮಾತ್ರ ತಪ್ಪು. ಆ ಲೆಕ್ಕದ ಭಾಗವನ್ನು ಹೊಸ ಜಾಗದಲ್ಲಿ ಕೂರಿಸುವ ಕಡೆ, ಲೋಡರ್ ಟೇಪಿನಲ್ಲಿ ಒಂದು ತೂತು ಹೊಡೆಯುವುದು ಬಿಟ್ಟುಹೋಗಿತ್ತು.

"ಮೂರು ಸಲ ನೋಡೋಳು ಒಂದೇ ಸಲ ನೋಡಿ ಬಿಟ್ಟೆ," ಎಂದರು. "ಸಾಕಾಗಿತ್ತು ಕಣಪ್ಪ. ಕೈ ಬೆರಳಿಗೆ ಏನೂ ತಿಳೀತಿರ್ಲಿಲ್ಲ."

"ಈಗೇನು ಮಾಡಾಣ ಅಕ್ಕ?"

"ಮಾಡೋದೇನು? ಬೆಳಿಗ್ಗೆನೇ ಸಾಹೇಬರಿಗೆ ಬರೆದು ಕೊಟ್ಟು ಬಂದೀನಿ. ನಿಂಗೆ ಮೊದ್ಲು ಗೊತ್ತಾಗ್ಲಿ ಅಂತ ಬಂದೆ."

ನನ್ನನ್ನು ವಾಪಸ್ಸು ಕರೆಸಿಕೊಂಡರು. ಸಾಹೇಬರು ನಮ್ಮೆಲ್ಲರನ್ನೂ ಸೇರಿಸಿ ಕೆಂಚಮ್ಮನ ಪತ್ರ ಓದಿದರು. ಎರಡು ವಾರ ಕೇಳಿದ್ದು, ಮೂರೇ ದಿನ ಸಿಕ್ಕಿದ್ದು ಅದರಲ್ಲಿ ಇರಲಿಲ್ಲ. "ಯಾರಾದರೂ ಏನಾದರೂ ಹೇಳುವುದಿದೆಯೇ?" ಎಂದು ಕೇಳಿ ಸಾಹೇಬರು ಸುತ್ತ ನೋಡಿದರು. ಅವರ ಕಣ್ಣು ನನ್ನ ಮೇಲೆ ಒಂದು ಗಳಿಗೆ ನಿಂತಿತು. ಕೆಲಸ ಆಗತಾನೇ ವಾಪಸ್ಸು ಬಂದಿತ್ತು. ನಾನು ಮೇಜಿನ ಕಡೆ ನೋಡಿದೆ.

ಕೆಂಚಮ್ಮನನ್ನು ಟೈಪಿಂಗ್ ವಿಭಾಗಕ್ಕೆ ಹಾಕಿದರು. ಆದರೂ ಕರೆಂಟು ಹೋಗಿ ಬಂದಾಗಲೆಲ್ಲ ಜವಾನ ಅಲ್ಲಿಗೆ ಓಡುತ್ತಿದ್ದ. ಅವರ ಜಾಗಕ್ಕೆ ಬಂದವರಿಗೆ ಯಂತ್ರ ಏಳುತ್ತಿರಲಿಲ್ಲ. ಕೆಂಚಮ್ಮ ಟೈಪು ಮಾಡುತ್ತಿದ್ದುದನ್ನು ಅರ್ಧಕ್ಕೆ ಬಿಟ್ಟು ಬಂದು, ಎಲ್ಲ ಏರಿಸಿ, ವಾಪಸ್ಸು ಹೋಗುವರು. ಯಾರು ಏರಿಸಿದರು ಎಂದು ಬರೆದಿಡುವ ಪುಸ್ತಕದಲ್ಲಿ ಬೇರೆಯವರ ಸಹಿ ಇರುತ್ತಿತ್ತು. ಹೀಗೆ ಒಂದು ವರ್ಷ ನಡೆಯಿತು. ಒಂದು ಸೋಮವಾರ ಅವರು ಬರಲಿಲ್ಲ. ರಾಜೀನಾಮೆ ಅಂಚೆಯಲ್ಲಿ ಬಂತು.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ, ಅದಾಗಿ ಆರೇಳು ತಿಂಗಳಿಗೆ. ಶ್ರೀರಾಂಪುರದ ಬಸ್ಸಿಗಾಗಿ ಕಲ್ಲುಬೆಂಚಿನ ಮೇಲೆ ಕೂತಿದ್ದರು. ತಮ್ಮನ ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದೇನೆ ಎಂದರು. ಯಂತ್ರದ ವಿಷಯ ಕೇಳಲಿಲ್ಲ. ಎದುರಿಗೆ ನಿಂತೇ ಒಂದಿಷ್ಟು ಅದೂ ಇದೂ ಮಾತಾಡಿದೆ. ಕಡೆಗೆ, ಅಷ್ಟು ದಿನದಿಂದ ಒಳಗೇ ಇದ್ದದ್ದನ್ನು ಹೇಳಿದೆ.

"ಅಕ್ಕ, ಆವತ್ತು ಸಾಹೇಬರ ಮುಂದೆ ನಾನು ಮಾತಾಡಬೇಕಿತ್ತು."

ಹೋಗಲಿ ಬಿಡು ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟೇನೂ ಇರಲಿಲ್ಲ.

"ಹೌದಪ್ಪ," ಎಂದರು. "ಮಾತಾಡ್ಬೇಕಿತ್ತು ನೀನು."

ಆಮೇಲೆ ಪಕ್ಕದಲ್ಲಿದ್ದ ಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಜಾಗ ಮಾಡಿದರು.

"ಕುಂತ್ಕ. ಬಸ್ಸು ಇನ್ನಾ ತಡ ಐತೆ."